ಬೆಳೆಯುವ ದವಡೆಗೂ ಒಂದು ಹದವುಂಟು

ಔರಾದ, ಭಾಲ್ಕಿ ಸೀಮೆಯ ಕರಿಮಣ್ಣಿನಲ್ಲಿ ಬಿತ್ತಿ ಬೆಳೆದವರಿಗೆ ‘ಹದ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿರಗದ ಮಳೆ ಬಿದ್ದು, ನೆಲ ನೀರು ಕುಡಿದು, ಕಾಲಿಗೆ ಅಂಟುವ ಕೆಸರು ಇಳಿದು, ಒಳಗಿನ ತೇವ ಮಾತ್ರ ಇನ್ನೂ ಆರದೆ ಉಳಿದಿರುವ ಆ ಕೆಲವೇ ದಿನಗಳಲ್ಲಿ ಉದ್ದು, ಹೆಸರು, ತೊಗರಿ, ಸೋಯಾ ಭೂಮಿಗೆ ಬಿದ್ದರೆ ಅದರ ಫಲವೇ ಬೇರೆ. ಹದ ತಪ್ಪಿದ ಮೇಲೆ ಅದೇ ಬೀಜ, ಅದೇ ಗೊಬ್ಬರ, ಅದೇ ದುಡಿಮೆ ಸುರಿದರೂ ಬರುವ ಫಲ ಬೇರೆ. ಮನುಷ್ಯ ಶರೀರದಲ್ಲಿಯೂ ಇಂಥ ಹದಗಳುಂಟು. ಅವುಗಳಲ್ಲಿ ಒಂದು, ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದೆ ಕಳೆದುಹೋಗುವಂಥದು, ಬೆಳೆಯುವ ಮಕ್ಕಳ ದವಡೆಯ ಹದ. ಈ ತಿಂಗಳ ಅಂಕಣವನ್ನು ಅದಕ್ಕೆ ಮೀಸಲಿಡಲಾಗಿದೆ.

ಉಬ್ಬು ಹಲ್ಲು ಎಂದು ನಾವು ಸಾಮಾನ್ಯವಾಗಿ ಕರೆಯುವ ಈ ದೋಷವನ್ನು ಕುರಿತು ಬರೆಯಲು ಕಾರಣವಿದೆ. ಎಂಟು ವರ್ಷದ ಮಗುವಿನ ಮುಂಬಲ್ಲುಗಳು ತುಟಿಯಾಚೆ ಚಾಚಿಕೊಂಡಾಗ ಮನೆಯವರು ನಕ್ಕು ಬಿಡುತ್ತಾರೆ. ಹತ್ತನೆಯ ವರ್ಷಕ್ಕೆ ಶಾಲೆಯಲ್ಲಿ ಅಡ್ಡಹೆಸರು ಬೀಳುತ್ತದೆ. ಹನ್ನೆರಡಕ್ಕೆ ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯುತ್ತದೆ. ಸಭೆಯಲ್ಲಿ ವಚನ ಹಾಡಲು ಕರೆದರೆ ಹಿಂದಿನ ಸಾಲಿಗೆ ಸರಿಯುತ್ತದೆ. ಆಗಲೂ ಹಿರಿಯರು “ಇನ್ನೂ ಸಣ್ಣದು, ದೊಡ್ಡದಾದ ಮೇಲೆ ನೋಡೋಣ” ಎನ್ನುತ್ತಾರೆ. ಹೆಣ್ಣುಮಗಳಾದರೆ ಆ ‘ದೊಡ್ಡದಾದ ಮೇಲೆ’ ಎಂಬುದು ಬರುವುದು ಇಪ್ಪತ್ತರ ಆಸುಪಾಸಿನಲ್ಲಿ, ಕನ್ಯೆ ನೋಡಲು ಬೀಗರು ಬರುವ ಹೊತ್ತಿಗೆ. ಬಂದವರು ಏನೋ ನೆಪ ಹೇಳಿ ಹೋದ ಮೇಲೆ ಮನೆಯವರು ದಂತವೈದ್ಯರ ಬಳಿ ಓಡುತ್ತಾರೆ. ವೈದ್ಯರು ಅಲ್ಲಿ ಹೇಳುವ ಮಾತು ಒಂದೇ: “ಬೆಳೆಯುವ ವಯಸ್ಸಿನಲ್ಲಿ ಕರೆತಂದಿದ್ದರೆ ದಾರಿ ಸುಲಭವಾಗುತ್ತಿತ್ತು.” ಈ ಮಾತನ್ನು ಕೇಳುವ ಪ್ರಸಂಗ ನಮ್ಮ ಓದುಗರ ಮನೆಗಳಿಗೆ ಬಾರದಿರಲಿ ಎಂಬುದೇ ಈ ಬರಹದ ಉದ್ದೇಶ.

ಮೊದಲು ದೋಷದ ಸ್ವರೂಪವನ್ನು ತಿಳಿಯೋಣ. ಜನರು ಉಬ್ಬು ಹಲ್ಲು ಎಂದು ಒಟ್ಟಾಗಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದು, ಮೇಲಿನ ಮುಂಬಲ್ಲುಗಳು ಕೆಳಗಿನವುಗಳಿಗಿಂತ ಮುಂದಕ್ಕೆ ಚಾಚಿರುವುದು. ಇದನ್ನು ವೈದ್ಯರು ಓವರ್‌ಜೆಟ್ ಎನ್ನುತ್ತಾರೆ. ನಾವು ಮುಂಚಾಚು ಎನ್ನಬಹುದು. ಇನ್ನೊಂದು, ಮೇಲಿನ ಮುಂಬಲ್ಲುಗಳು ಕೆಳಗಿನವುಗಳನ್ನು ಪರದೆಯಂತೆ ಮುಚ್ಚಿಬಿಡುವುದು. ಇದು ಓವರ್‌ಬೈಟ್, ಅತಿಯಾದಾಗ ಇದನ್ನು ಆಳವಾದ ಕಚ್ಚು ಎನ್ನೋಣ. ಎಷ್ಟೋ ಮಕ್ಕಳಲ್ಲಿ ಇವೆರಡೂ ಕೂಡಿಯೇ ಇರುತ್ತವೆ. ಆರೋಗ್ಯವಂತ ಬಾಯಿಯಲ್ಲಿಯೂ ಸ್ವಲ್ಪ ಮುಂಚಾಚು, ಸ್ವಲ್ಪ ಮುಚ್ಚುವಿಕೆ ಇದ್ದೇ ಇರುತ್ತದೆ. ಎರಡು ಮೂರು ಮಿಲಿಮೀಟರ್ ಸಹಜ. ಅದು ಮೀರಿದಾಗ ಮಾತ್ರ ವಿಚಾರ ಮಾಡಬೇಕು.

ಇದನ್ನು ಮನೆಯಲ್ಲಿಯೇ ನೋಡಬಹುದು. ಮಗುವನ್ನು ಬೆಳಕಿಗೆ ಕೂಡಿಸಿ, ಹಿಂದಿನ ದವಡೆಹಲ್ಲುಗಳನ್ನು ಕಚ್ಚಿಕೊಂಡು ತುಟಿ ತೆರೆಯಲು ಹೇಳಿರಿ. ಎದುರಿನಿಂದ ನೋಡಿದಾಗ ಕೆಳಗಿನ ಮುಂಬಲ್ಲಿನ ಮೂರನೇ ಒಂದು ಭಾಗದಷ್ಟು ಮುಚ್ಚಿದ್ದರೆ ಚಿಂತೆಯಿಲ್ಲ. ಕೆಳಗಿನ ಹಲ್ಲುಗಳೇ ಕಾಣದಿದ್ದರೆ ಅದು ಆಳವಾದ ಕಚ್ಚು. ಅನಂತರ ಪಕ್ಕದಿಂದ ನೋಡಿರಿ. ಶಾಲೆಯ ಪೆನ್ಸಿಲ್ಲಿನ ದಪ್ಪ ಸುಮಾರು 7 ಮಿಲಿಮೀಟರ್. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಅಂಥ ಪೆನ್ಸಿಲ್ ಸರಾಗವಾಗಿ ಹಿಡಿಯುವಷ್ಟು ಅಂತರವಿದ್ದರೆ ಮುಂಚಾಚು ಹೆಚ್ಚಾಗಿದೆ ಎಂದು ತಿಳಿಯಬೇಕು. ಮಗು ಪ್ರಯತ್ನಪಡದೆ ಎರಡೂ ತುಟಿಗಳನ್ನು ಕೂಡಿಸಬಲ್ಲದೋ, ಕೆಳತುಟಿ ಮೇಲಿನ ಹಲ್ಲುಗಳ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತದೆಯೋ, ಬಾಯಿಯ ಮೇಲ್ಗಡೆಯ ಅಂಗುಳಿನಲ್ಲಿ ಕೆಳಹಲ್ಲುಗಳ ಗುರುತು ಬಿದ್ದಿದೆಯೋ ಎಂಬ ಮೂರನ್ನೂ ಗಮನಿಸಿರಿ. ಕೆಳತುಟಿ ಹಿಂದೆ ಸಿಕ್ಕಿಕೊಂಡರೆ ಅದು ಮೇಲಿನ ಹಲ್ಲುಗಳನ್ನು ದಿನವಿಡೀ ಹೊರಕ್ಕೆ ನೂಕುತ್ತಲೇ ಇರುತ್ತದೆ. ಅಂಗುಳಿನಲ್ಲಿ ಗುರುತಿದ್ದರೆ ಅಲ್ಲಿನ ಒಸಡು ಮುಂದೆ ಹುಣ್ಣಾಗುವ ಸಂಭವವಿದೆ. ಇವು ಅಂದಚಂದದ ಪ್ರಶ್ನೆಯನ್ನು ಮೀರಿದ ಸೂಚನೆಗಳು.

ಇದೇಕೆ ಆಗುತ್ತದೆ? ಬಹಳ ಮಕ್ಕಳಲ್ಲಿ ಮೇಲಿನ ಹಲ್ಲುಗಳು ಮುಂದಕ್ಕೆ ಬಂದಿರುವುದಕ್ಕಿಂತ ಕೆಳದವಡೆ ಹಿಂದಕ್ಕೆ ಉಳಿದಿರುವುದೇ ಮುಖ್ಯ ಕಾರಣವಾಗಿರುತ್ತದೆ. ಮೂಗು, ಕಣ್ಣು, ಬಣ್ಣಗಳಂತೆ ದವಡೆಯ ಅಳತೆಯೂ ವಂಶದಿಂದ ಬರುತ್ತದೆ. ಇದರ ಜೊತೆಗೆ ಅಭ್ಯಾಸಗಳು ಸೇರುತ್ತವೆ. ಮೂರು ನಾಲ್ಕು ವರ್ಷದವರೆಗೆ ಮಗು ಹೆಬ್ಬೆರಳು ಚೀಪಿದರೆ ಸಾಮಾನ್ಯವಾಗಿ ಉಳಿಯುವ ಹಾನಿಯಿಲ್ಲ. ಆರನೆಯ ವರ್ಷದಲ್ಲಿ ಶಾಶ್ವತ ಹಲ್ಲುಗಳು ಹುಟ್ಟುವಾಗಲೂ ಚೀಪುವುದು ಬಿಡದಿದ್ದರೆ ಮೇಲಿನ ಹಲ್ಲುಗಳು ಮುಂದಕ್ಕೂ ಕೆಳಗಿನವು ಒಳಕ್ಕೂ ಬಾಗುತ್ತವೆ. ಬೆರಳಿಗೆ ಬೇವು, ಖಾರ ಹಚ್ಚುವುದರಿಂದಾಗಲಿ ಹೊಡೆಯುವುದರಿಂದಾಗಲಿ ಈ ಅಭ್ಯಾಸ ಬಿಡುವುದಕ್ಕಿಂತ ಮಗುವಿನ ಭಯ ಹೆಚ್ಚುವುದೇ ಜಾಸ್ತಿ; ಪ್ರೀತಿಯಿಂದ ನೆನಪಿಸುವುದು, ಕೈಗೆ ಬೇರೆ ಕೆಲಸ ಕೊಡುವುದು ಮೇಲು. ಸದಾ ಬಾಯಿಯಿಂದ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಮೂಗು ಗಂಟಲಿನ ವೈದ್ಯರಿಗೂ ತೋರಿಸಬೇಕು. ಮತ್ತೊಂದು ಮಾತು: “ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ” ಎಂದು ಹುಳುಕನ್ನು ಅಲಕ್ಷಿಸುವುದು ಸಲ್ಲದು. ಹಾಲಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಸ್ಥಳ ಕಾಯ್ದುಕೊಂಡಿರಬೇಕಾದವು. ಅವು ಮೊದಲೇ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಬರಬೇಕಾದ ಹಲ್ಲಿಗೆ ಜಾಗವೇ ಇಲ್ಲದಂತಾಗುತ್ತದೆ.

ಹಲ್ಲು ಉಬ್ಬಿದ್ದರೆ ಅದೃಷ್ಟ ಎನ್ನುವವರೂ ಉಂಟು, ಹಿಂದಿನ ಜನ್ಮದ ಫಲ ಎನ್ನುವವರೂ ಉಂಟು. ಮೊದಲನೆಯದು ಮಗುವಿನ ಕಣ್ಣೀರನ್ನು ಒರೆಸದು. ಎರಡನೆಯದು ಮಾಡಬಹುದಾದ ಕೆಲಸವನ್ನು ಮಾಡದಿರಲು ನೆಪವಾಗುತ್ತದೆ. ಎಲುಬು ಬೆಳೆಯುವ ಕ್ರಮವನ್ನು ಅರಿತು, ಆ ಬೆಳವಣಿಗೆಯನ್ನೇ ಬಳಸಿಕೊಂಡು ಹಲ್ಲುಗಳ ಹೊಂದಾಣಿಕೆಯನ್ನು ಸರಿಪಡಿಸುವ ವಿದ್ಯೆ ನೂರು ವರ್ಷಕ್ಕೂ ಹಿಂದಿನದು. ಅದರ ಕಥೆಯಲ್ಲಿ ಎರಡು ಮನೆಗಳ ಪ್ರಸಂಗಗಳು ಬರುತ್ತವೆ. ನಮ್ಮ ವಿಷಯಕ್ಕೆ ಒದಗುವುದರಿಂದ ಅವನ್ನು ಇಲ್ಲಿ ಹೇಳುವುದು ಉಚಿತ.

ವಿಗ್ಗೊ ಆಂಡ್ರೆಸನ್ ಡೆನ್ಮಾರ್ಕಿನ ದಂತವೈದ್ಯ. 1908ರ ಸುಮಾರಿನಲ್ಲಿ ಅವನು ತನ್ನ ಮಗಳ ಹಲ್ಲುಗಳಿಗೆ ತಂತಿ ಕಟ್ಟಿ ಚಿಕಿತ್ಸೆ ಮಾಡುತ್ತಿದ್ದ. ಬೇಸಿಗೆಯ ರಜೆಗೆ ಅವಳು ಹೊರಟಾಗ ತಂತಿಗಳನ್ನು ಬಿಚ್ಚಿ, ಅದುವರೆಗೆ ಆದ ಕೆಲಸ ಕೆಡದಿರಲೆಂದು ಬಾಯಿಯಲ್ಲಿ ಸಡಿಲವಾಗಿ ಕೂಡುವ ಒಂದು ತಟ್ಟೆಯನ್ನು ಮಾಡಿಕೊಟ್ಟ. ಅದನ್ನು ಹಾಕಿಕೊಂಡು ಬಾಯಿ ಮುಚ್ಚಿದರೆ ಕೆಳದವಡೆ ತಾನಾಗಿಯೇ ತುಸು ಮುಂದಕ್ಕೆ ಬಂದು ನಿಲ್ಲುವಂತೆ ತಟ್ಟೆಗೆ ಒಂದು ಅಂಚನ್ನು ಇಟ್ಟಿದ್ದ. ಮಗಳು ರಾತ್ರಿಯ ಹೊತ್ತು ಅದನ್ನು ಹಾಕಿಕೊಂಡಳು. ರಜೆ ಮುಗಿಸಿ ಬಂದಾಗ ತಂದೆಗೆ ಆಶ್ಚರ್ಯ ಕಾದಿತ್ತು. ಕೆಡದಿರಲೆಂದು ಕೊಟ್ಟ ತಟ್ಟೆ ದೋಷವನ್ನೇ ತಿದ್ದಿತ್ತು. ಮುಂದೆ ನಾರ್ವೆಯಲ್ಲಿ ಕಾರ್ಲ್ ಹಾಯ್ಪಲ್ ಎಂಬ ವಿದ್ವಾಂಸರೊಡನೆ ಕೂಡಿ ಆಂಡ್ರೆಸನ್ ಈ ಉಪಕರಣವನ್ನು ಬೆಳೆಸಿದ. ಇದೇ ಆಕ್ಟಿವೇಟರ್. ಇದರಲ್ಲಿ ಎಳೆಯುವ ತಂತಿಯಿಲ್ಲ, ತಿರುಗಿಸುವ ತಿರುಪಿಲ್ಲ. ಮಗುವಿನ ಸ್ವಂತ ಸ್ನಾಯುಗಳೇ ದುಡಿಯುತ್ತವೆ. ಉಪಕರಣ ಅವಕ್ಕೆ ದಿಕ್ಕು ತೋರಿಸುತ್ತದೆ. ಈ ಜಾತಿಯವನ್ನು ಕ್ರಿಯಾತ್ಮಕ ಉಪಕರಣಗಳೆಂದು ಕರೆಯುತ್ತಾರೆ.

ಎರಡನೆಯದು ಸ್ಕಾಟ್ಲೆಂಡಿನ ಕಥೆ. 1977ರಲ್ಲಿ ವಿಲಿಯಂ ಕ್ಲಾರ್ಕ್ ಎಂಬ ತಜ್ಞರ ಬಳಿಗೆ ಅವರ ಸಹೋದ್ಯೋಗಿಯೊಬ್ಬರ ಮಗನ ಸಮಸ್ಯೆ ಬಂದಿತು. ಸುಮಾರು ಎಂಟು ವರ್ಷದ ಆ ಹುಡುಗ ಬಿದ್ದು ಅವನ ಮೇಲಿನ ಮುಂಬಲ್ಲು ಪೂರ್ತಿ ಕಿತ್ತುಬಂದಿತ್ತು. ಹಲ್ಲನ್ನು ಮತ್ತೆ ಅದರ ಸ್ಥಾನದಲ್ಲಿ ಕೂಡಿಸಿದ್ದರು. ಆದರೆ ಮುಂಚಾಚು 9 ಮಿಲಿಮೀಟರ್ ಇದ್ದುದರಿಂದ ಕೆಳತುಟಿ ಹಿಂದೆ ಸಿಕ್ಕಿಕೊಂಡು ಆ ಹಲ್ಲನ್ನು ಮತ್ತೆ ಮತ್ತೆ ಅಲುಗಿಸುತ್ತಿತ್ತು. ಹಲ್ಲಿಗೆ ನೇರವಾಗಿ ಬಲ ಹಾಕುವಂತಿರಲಿಲ್ಲ. ಕ್ಲಾರ್ಕ್ ಅವರು ಮೇಲೊಂದು ಕೆಳಗೊಂದು, ಎರಡು ತಟ್ಟೆಗಳನ್ನು ಮಾಡಿ, ಹಿಂದಿನ ಹಲ್ಲುಗಳ ಮೇಲೆ ಇಳಿಜಾರಾದ ದಿಮ್ಮಿಗಳನ್ನು ಕೂಡಿಸಿದರು. ಬಾಯಿ ಮುಚ್ಚಿದಾಗ ಕೆಳಗಿನ ದಿಮ್ಮಿ ಮೇಲಿನ ದಿಮ್ಮಿಯ ಇಳಿಜಾರಿನ ಮೇಲೆ ಜಾರಿ ಕೆಳದವಡೆ ಮುಂದಕ್ಕೆ ಬರುತ್ತಿತ್ತು. ಒಂಬತ್ತು ತಿಂಗಳಲ್ಲಿ ಮುಂಚಾಚು 9ರಿಂದ 4 ಮಿಲಿಮೀಟರಿಗೆ ಇಳಿಯಿತು. ಇದೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಟ್ವಿನ್ ಬ್ಲಾಕ್, ಎಂದರೆ ಜೋಡಿ ದಿಮ್ಮಿಯ ಉಪಕರಣ. ಎರಡೂ ತುಂಡುಗಳು ಬೇರೆ ಬೇರೆಯಾಗಿರುವುದರಿಂದ ಇದನ್ನು ಹಾಕಿಕೊಂಡೇ ಮಾತಾಡಬಹುದು, ಊಟ ಮಾಡಬಹುದು.

ಉಪಕರಣಗಳಲ್ಲಿ ಇನ್ನೂ ಬಗೆಗಳಿವೆ. ಮುಂಚಾಚು ಹೆಚ್ಚಿಲ್ಲದೆ ಕಚ್ಚು ಮಾತ್ರ ಆಳವಾಗಿದ್ದರೆ ಕೆಲವೊಮ್ಮೆ ಒಂದೇ ತಟ್ಟೆ ಸಾಕಾಗುತ್ತದೆ. ಮೇಲಿನ ಹಲ್ಲುಗಳ ಹಿಂದೆ ಚಪ್ಪಟೆಯಾದ ಒಂದು ಮೆಟ್ಟಿಲಿರುವ ತಟ್ಟೆ ಅದು. ಬಾಯಿ ಮುಚ್ಚಿದಾಗ ಕೆಳಗಿನ ಮುಂಬಲ್ಲುಗಳು ಆ ಮೆಟ್ಟಿಲಿಗೆ ತಾಗಿ ನಿಲ್ಲುತ್ತವೆ; ಹಿಂದಿನ ಹಲ್ಲುಗಳ ನಡುವೆ ಒಂದೆರಡು ಮಿಲಿಮೀಟರ್ ಅಂತರ ಉಳಿಯುತ್ತದೆ. ಬೆಳೆಯುವ ಮಗುವಿನಲ್ಲಿ ಹಿಂದಿನ ಹಲ್ಲುಗಳು ತಾವಾಗಿಯೇ ಮೇಲೆದ್ದು ಆ ಅಂತರವನ್ನು ತುಂಬುತ್ತವೆ. ಹಾಗೆ ತುಂಬಿದಂತೆ ಮುಂದಿನ ಕಚ್ಚು ಬಿಡಿಸಿಕೊಳ್ಳುತ್ತದೆ. ಮುಖದ ಎತ್ತರವೂ ಜೊತೆಗೇ ಬೆಳೆಯುತ್ತಿರುವುದರಿಂದ ಈ ಬದಲಾವಣೆ ನೆಲೆ ನಿಲ್ಲುತ್ತದೆ. ಬೆಳವಣಿಗೆ ಮುಗಿದವರಲ್ಲಿ ಇದೇ ಕೆಲಸ ನಿಧಾನ, ಕಠಿಣ, ಮತ್ತೆ ಹಿಂದಿರುಗುವ ಭಯವೂ ಹೆಚ್ಚು. ತೆಗೆದು ಹಾಕಲಾಗದಂತೆ ಹಲ್ಲುಗಳಿಗೇ ಅಂಟಿಸುವ ಉಪಕರಣಗಳೂ ಇವೆ. ಜರ್ಮನಿಯ ಎಮಿಲ್ ಹರ್ಬ್ಸ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ್ದು ಅಂಥದು. ಬಹುಕಾಲ ಮರೆಯಾಗಿದ್ದ ಅದನ್ನು 1979ರಲ್ಲಿ ಹಾನ್ಸ್ ಪಾಂಕರ್ಟ್ಸ್ ಮತ್ತೆ ಬೆಳಕಿಗೆ ತಂದರು. ಎಲ್ಲರಿಗೂ ಪರಿಚಿತವಾದ ಕ್ಲಿಪ್ಪು, ಎಂದರೆ ಪ್ರತಿ ಹಲ್ಲಿಗೂ ಅಂಟಿಸುವ ತಂತಿಯ ಚಿಕಿತ್ಸೆ, ಬಹುಮಟ್ಟಿಗೆ ಇವುಗಳ ಅನಂತರದ ಹಂತ. ದವಡೆಗಳ ಸಂಬಂಧ ಸರಿಹೋದ ಮೇಲೆ ಸಾಲನ್ನು ನೇರ್ಪಡಿಸುವುದಕ್ಕಾಗಿ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಉಪಕರಣ ಹಾಕಿದರೆ ಕೆಳದವಡೆ ಬೇಕಾದಷ್ಟು ಉದ್ದ ಬೆಳೆದುಬಿಡುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅದು ಅತಿಶಯೋಕ್ತಿ. ಎಚ್ಚರಿಕೆಯಿಂದ ನಡೆದ ಪರೀಕ್ಷೆಗಳು ತೋರಿಸಿದ್ದೇನೆಂದರೆ, ಮುಂಚಾಚು ಕಡಿಮೆಯಾಗುವುದರಲ್ಲಿ ದೊಡ್ಡ ಪಾಲು ಹಲ್ಲುಗಳ ಚಲನೆಯದು, ಸಣ್ಣ ಪಾಲು ಎಲುಬಿನ ಬೆಳವಣಿಗೆಯದು. ಆದರೂ ಮಗುವಿನ ಪಾಲಿಗೆ ಫಲ ಫಲವೇ. ತುಟಿಗಳು ಕೂಡುತ್ತವೆ, ಹಲ್ಲು ಒಳಸರಿಯುತ್ತವೆ, ಕಚ್ಚು ಹೊಂದುತ್ತದೆ. ಎಷ್ಟೋ ಸಲ ಮುಂದೆ ಒಳ್ಳೆಯ ಹಲ್ಲುಗಳನ್ನು ಕೀಳಬೇಕಾದ ಪ್ರಸಂಗ ತಪ್ಪುತ್ತದೆ. ಬೆಳೆಯುವ ವಯಸ್ಸು ಇದಕ್ಕೆಲ್ಲ ಅನುಕೂಲವಾದ ನೆಲ.

ಹಾಗಾದರೆ ಆ ವಯಸ್ಸು ಯಾವುದು? ತಡ ಮಾಡುವುದು ಹೇಗೆ ತಪ್ಪೋ ಅವಸರಪಡುವುದೂ ಹಾಗೆಯೇ. ಏಳನೆಯ ವರ್ಷಕ್ಕೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು; ಆಗ ಮೊದಲ ಶಾಶ್ವತ ದವಡೆಹಲ್ಲು ಮತ್ತು ಮುಂಬಲ್ಲುಗಳು ಕಾಣಿಸಿಕೊಂಡಿರುತ್ತವೆ. ತೋರಿಸುವುದೆಂದರೆ ಚಿಕಿತ್ಸೆ ಆರಂಭಿಸುವುದೆಂದು ಅರ್ಥವಲ್ಲ. ಎಂಟರಿಂದ ಹನ್ನೊಂದರ ನಡುವೆ ಮೇಲಿನ ಮುಂಬಲ್ಲುಗಳು ಬಿರಿದುಕೊಂಡು ವಿಕಾರವಾಗಿ ಕಾಣುವ ಒಂದು ಅವಧಿ ಎಷ್ಟೋ ಮಕ್ಕಳಲ್ಲಿ ಬರುತ್ತದೆ. ಕೋರೆಹಲ್ಲುಗಳು ಇಳಿದು ಬಂದಂತೆ ಅದು ತಾನಾಗಿಯೇ ಸರಿಹೋಗುತ್ತದೆ. ಅದಕ್ಕೆ ಹೆದರಿ ಹಣ ಸುರಿಯಬೇಕಾಗಿಲ್ಲ. ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯೂ ಇದನ್ನೇ ಹೇಳುತ್ತದೆ. ಏಳರಿಂದ ಹನ್ನೊಂದರ ವಯಸ್ಸಿನಲ್ಲಿ ಒಮ್ಮೆ, ಮುಂದೆ ಮತ್ತೊಮ್ಮೆ ಎಂದು ಎರಡು ಹಂತದಲ್ಲಿ ಮಾಡಿದ ಚಿಕಿತ್ಸೆಗೂ, ಹದಿಹರೆಯದಲ್ಲಿ ಒಂದೇ ಹಂತದಲ್ಲಿ ಮಾಡಿದ ಚಿಕಿತ್ಸೆಗೂ ಕೊನೆಯ ಫಲದಲ್ಲಿ ಹೆಚ್ಚು ಭೇದವಿಲ್ಲ. ಮೊದಲೇ ಮಾಡಿದವರಲ್ಲಿ ಮುಂಬಲ್ಲಿಗೆ ಪೆಟ್ಟು ಬೀಳುವುದು ಮಾತ್ರ ಕಡಿಮೆ. ಆದ್ದರಿಂದ ಹಲ್ಲು ಬಹಳ ಚಾಚಿಕೊಂಡು ಪೆಟ್ಟಿನ ಭಯವಿರುವ, ಅಥವಾ ಅಪಹಾಸ್ಯದಿಂದ ಮನಸ್ಸು ಕುಗ್ಗಿದ ಮಗುವಿಗೆ ಬೇಗ ಆರಂಭಿಸುವುದು ಯೋಗ್ಯ. ಉಳಿದವರು ಹದಕ್ಕೆ ಕಾಯಬೇಕು.

ಆ ಹದವೆಂದರೆ ಮಗು ಸರಸರನೆ ಎತ್ತರ ಬೆಳೆಯುವ ಕಾಲ. ಮೈಯ ಎತ್ತರ ಏರುವ ಆ ದಿನಗಳಲ್ಲಿಯೇ ಕೆಳದವಡೆಯ ಬೆಳವಣಿಗೆಯೂ ಚುರುಕಾಗಿರುತ್ತದೆ. ವೈದ್ಯರು ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಅಥವಾ ಕುತ್ತಿಗೆಯ ಎಲುಬುಗಳನ್ನು ನೋಡಿ ಇದನ್ನು ಗುರುತಿಸುತ್ತಾರೆ. ಮನೆಯವರಿಗೆ ಇನ್ನೂ ಸುಲಭದ ಉಪಾಯವುಂಟು. ಒಂಬತ್ತನೆಯ ವರ್ಷದಿಂದ ಮೂರು ತಿಂಗಳಿಗೊಮ್ಮೆ ಮಗುವನ್ನು ಬಾಗಿಲ ಚೌಕಟ್ಟಿಗೆ ನೇರವಾಗಿ ನಿಲ್ಲಿಸಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆಗಳ ನಡುವಿನ ಅಂತರ ಒಮ್ಮೆಲೆ ಹಿಗ್ಗತೊಡಗಿದರೆ ಹದ ಬಂದಿತೆಂದು ತಿಳಿಯಿರಿ.

ಈಗ ಅತ್ಯಂತ ಮುಖ್ಯವಾದ ಮಾತು. ಈ ಹದ ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲು ಬರುತ್ತದೆ. ಹುಡುಗಿಯರಲ್ಲಿ ಬಹುಮಟ್ಟಿಗೆ ಹತ್ತರಿಂದ ಹನ್ನೆರಡರೊಳಗೆ, ಹುಡುಗರಲ್ಲಿ ಹನ್ನೆರಡರಿಂದ ಹದಿನಾಲ್ಕರೊಳಗೆ. ಅಷ್ಟೇ ಅಲ್ಲ, ಹೆಣ್ಣುಮಗು ಋತುಮತಿಯಾಗುವ ಹೊತ್ತಿಗೆ ಅವಳ ಬೆಳವಣಿಗೆಯ ಅತಿ ವೇಗದ ಕಾಲ ಸಾಮಾನ್ಯವಾಗಿ ದಾಟಿಹೋಗಿರುತ್ತದೆ. ನಮ್ಮ ಮನೆಗಳಲ್ಲಿ ಹುಡುಗಿ ದೊಡ್ಡವಳಾದಳೆಂದು ಆರತಿ ಎತ್ತಿ, ಸೀರೆ ಉಡಿಸಿ, ಅಲ್ಲಿಂದಾಚೆಗೆ ಅವಳ ರೂಪದ ಚಿಂತೆಯನ್ನು ಆರಂಭಿಸುತ್ತೇವೆ. ದವಡೆಯ ಲೆಕ್ಕದಲ್ಲಿ ಆಗಲೇ ಹೊತ್ತು ಇಳಿದಿರುತ್ತದೆ. ಒಂದೇ ಮನೆಯಲ್ಲಿ ಅಣ್ಣತಂಗಿಯರಿಬ್ಬರಿಗೂ ದೋಷವಿದ್ದು, ಹಿರಿಯನಾದ ಹುಡುಗನದು ಮುಗಿಯಲಿ, ಅವಳದು ಆಮೇಲೆ ಎಂದು ತಂದೆ ಎಣಿಸಿದರೆ ಆ ಲೆಕ್ಕ ತಪ್ಪಾಗಬಹುದು. ಹನ್ನೊಂದರ ತಂಗಿಯ ಕಾಲ ಹದಿಮೂರರ ಅಣ್ಣನ ಕಾಲದೊಡನೆಯೇ ಬಂದು ನಿಂತಿರುತ್ತದೆ. ಹೆಣ್ಣುಮಗಳ ಹಲ್ಲಿನ ಚಿಕಿತ್ಸೆ ಮದುವೆಯ ಖರ್ಚಿನ ಬಾಬತ್ತಲ್ಲ. ಅವಳ ಬಾಲ್ಯದ ಆರೋಗ್ಯದ ಬಾಬತ್ತು. ಅದನ್ನು ಶಾಲೆಯ ಶುಲ್ಕ, ಪುಸ್ತಕಗಳ ಸಾಲಿನಲ್ಲಿ ಬರೆದಿಡಬೇಕು.

ಹದ ಸಿಕ್ಕಿತು, ಉಪಕರಣವೂ ಬಂದಿತು ಎಂದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಡಬ್ಬಿಯಲ್ಲಿರುವ ಉಪಕರಣ ಯಾರ ಹಲ್ಲನ್ನೂ ತಿದ್ದದು. ಟ್ವಿನ್ ಬ್ಲಾಕನ್ನು ಊಟದ ಹೊತ್ತೂ ಸೇರಿಸಿ ಹಗಲಿರುಳು ಹಾಕಿಕೊಂಡಿರಬೇಕೆಂಬುದು ಅದನ್ನು ರೂಪಿಸಿದವರ ಸೂಚನೆ. ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ, ಆಮೇಲೆ ಬಂದ ಫಲವನ್ನು ಹಿಡಿದು ನಿಲ್ಲಿಸಲು ಇನ್ನೂ ಕೆಲವು ತಿಂಗಳು. ಬ್ರಿಟನ್ನಿನಲ್ಲಿ 215 ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಟ್ವಿನ್ ಬ್ಲಾಕ್ ಪಡೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಚಿಕಿತ್ಸೆಯನ್ನು ಪೂರ್ತಿಗೊಳಿಸಲಿಲ್ಲ. ತೆಗೆಯಲು ಬಾರದ ಹರ್ಬ್ಸ್ಟ್ ಉಪಕರಣ ಪಡೆದವರಲ್ಲಿ ಹಾಗೆ ಬಿಟ್ಟವರು ಎಂಟರಲ್ಲಿ ಒಬ್ಬರಷ್ಟು ಮಾತ್ರ. ಸೋತದ್ದು ಉಪಕರಣದ ಗುಣದಿಂದಲ್ಲ. ಅದನ್ನು ಬಾಯಲ್ಲಿಟ್ಟುಕೊಳ್ಳುವ ನಿಷ್ಠೆ ಸಡಿಲವಾದುದರಿಂದ. ಆ ನಿಷ್ಠೆಯನ್ನು ಹನ್ನೊಂದು ವರ್ಷದ ಮಗುವಿನ ಮೇಲೊಂದೇ ಹೊರಿಸುವುದು ನ್ಯಾಯವಲ್ಲ. ಅದು ಇಡೀ ಮನೆಯ ಕೆಲಸ.

ಮೊದಲ ವಾರ ಕಷ್ಟದ್ದು. ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ, ಮಾತು ತೊದಲುತ್ತದೆ, ದವಡೆಯ ಸ್ನಾಯು ನೋಯುತ್ತದೆ. ಇವು ಕೆಲವೇ ದಿನಗಳ ತೊಂದರೆ. ಆ ವಾರ ಮಗುವಿಗೆ ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದಲು ಹೇಳಿರಿ. ಪಾಠವಾಗಲಿ, ಕಂಠಪಾಠವಿರುವ ವಚನಗಳಾಗಲಿ. ನಾಲಗೆ ಹೊಸ ಮನೆಗೆ ಬೇಗ ಒಗ್ಗಿಕೊಳ್ಳುತ್ತದೆ. ಜೋಳದ ರೊಟ್ಟಿಯನ್ನು ಸಣ್ಣದಾಗಿ ಮುರಿದು ಪಲ್ಯದಲ್ಲಿ ನೆನೆಸಿ ಕೊಡಿರಿ. ಉಂಡ ಮೇಲೆ ಉಪಕರಣವನ್ನು ತೆಗೆದು ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆದು, ಹಲ್ಲು ತಿಕ್ಕಿ ಮತ್ತೆ ಹಾಕಿಕೊಳ್ಳಬೇಕು. ಬಿಸಿನೀರು ಕೂಡದು, ಅದರಿಂದ ತಟ್ಟೆ ಬಾಗುತ್ತದೆ. ಕಬಡ್ಡಿ, ಈಜುಗಳ ಹೊತ್ತಿನಲ್ಲಿ ತೆಗೆದಾಗ ಡಬ್ಬಿಯಲ್ಲಿಯೇ ಇಡಬೇಕು. ಕಾಗದದಲ್ಲಿ ಸುತ್ತಿಟ್ಟರೆ ಕಸದೊಡನೆ ಹೋಗುತ್ತದೆ. ಮುಂದೆ ತಂತಿಯ ಕ್ಲಿಪ್ಪು ಹಾಕಿಸಿದಾಗ ಕಬ್ಬು ಸಿಗಿಯುವುದು, ಗಟ್ಟಿ ಚಿಕ್ಕಿ ಕಡಿಯುವುದು ಬೇಡ. ಮನೆಗೆ ಬಂದ ನೆಂಟರು “ಇದೇನಿದು ಬಾಯಲ್ಲಿ?” ಎಂದು ನಕ್ಕರೆ ಮಗುವಿನ ಪರವಾಗಿ ಉತ್ತರಿಸಬೇಕಾದವರು ತಂದೆತಾಯಿಗಳು. ತರಗತಿಯ ಶಿಕ್ಷಕರಿಗೂ ಮೊದಲೇ ಒಂದು ಮಾತು ಹೇಳಿಟ್ಟರೆ ಮಗುವಿನ ಭಾರ ಅರ್ಧ ಇಳಿಯುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ ಮೊದಲು ತೋರಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಅದು 2013ರಲ್ಲಿ ಆರಂಭವಾದದ್ದು, ಶಾಲೆಗೆ ಬರುವ ವೈದ್ಯರ ತಂಡದೆದುರು ಮಗುವಿನ ಬಾಯಿಯನ್ನೂ ತೋರಿಸಲು ಶಿಕ್ಷಕರಿಗೆ ಹೇಳಿರಿ. ಆದರೆ ಉಪಕರಣದ ಚಿಕಿತ್ಸೆಯನ್ನು ಆರ್ಥೊಡಾಂಟಿಸ್ಟ್ ಎಂದು ಕರೆಯಲಾಗುವ ವಕ್ರದಂತ ತಜ್ಞರಿಂದಲೇ ಮಾಡಿಸುವುದು ಕ್ಷೇಮ. ದಂತವೈದ್ಯ ಪದವಿಯ ಮೇಲೆ ಮೂರು ವರ್ಷ ಈ ವಿಷಯವನ್ನೇ ಓದಿದವರು ಅವರು. ಬೀದರ ನಗರದ ಎಸ್. ಬಿ. ಪಾಟೀಲ ದಂತ ಮಹಾವಿದ್ಯಾಲಯ, ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆಗಳಂಥ ಕಡೆ ವಿಚಾರಿಸಬಹುದು. ದಂತ ಮಹಾವಿದ್ಯಾಲಯಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನಡೆಯುತ್ತದೆ. ಖರ್ಚೂ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ. ಸಂತೆಯಲ್ಲಿ, ರಸ್ತೆಯ ಬದಿಯಲ್ಲಿ ಕೂತು ಹಲ್ಲಿಗೆ ತಂತಿ ಬಿಗಿಯುವವರ ಬಳಿ ಮಾತ್ರ ಹೋಗಲೇಬಾರದು.

ಖರ್ಚಿನ ಲೆಕ್ಕದಲ್ಲಿ ಉಪಕರಣದ ಬೆಲೆ ಒಂದು ಭಾಗ, ಪ್ರಯಾಣ ಇನ್ನೊಂದು ಭಾಗ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಒಂದೆರಡು ವರ್ಷ ಹೋಗಿಬರಬೇಕಾಗುತ್ತದೆ. ಭಾಲ್ಕಿಯವರಿಗೆ ಬೀದರಕ್ಕೆ ರೈಲಿದೆ, ಬಸ್ಸಿದೆ. ಔರಾದ ಪಟ್ಟಣಕ್ಕೆ ರೈಲುಮಾರ್ಗವಿಲ್ಲ. ಹೆಚ್ಚುಕಡಿಮೆ 40 ಕಿಲೋಮೀಟರ್ ಬಸ್ಸಿನಲ್ಲಿಯೇ ಸಾಗಬೇಕು. ಹಳ್ಳಿಯಿಂದ ಔರಾದಕ್ಕೆ ಬರುವ ದಾರಿ ಬೇರೆ. ಒಮ್ಮೆ ಹೋದರೆ ಮಗುವಿಗೆ ಒಂದು ದಿನದ ಶಾಲೆ, ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ಈ ಕಾರಣದಿಂದಲೇ ಎಷ್ಟೋ ಚಿಕಿತ್ಸೆಗಳು ನಡುವೆ ನಿಲ್ಲುತ್ತವೆ. ಆದ್ದರಿಂದ ಆರಂಭಿಸುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿರಿ: ಒಟ್ಟು ಎಷ್ಟು ಖರ್ಚು, ಕಂತಿನಲ್ಲಿ ಕೊಡಬಹುದೇ, ಎಷ್ಟು ಸಲ ಬರಬೇಕು, ರಜೆಯ ದಿನ ಬರಬಹುದೇ, ಉಪಕರಣ ಮುರಿದರೆ ಏನು ಮಾಡಬೇಕು, ಮುಗಿದ ಮೇಲೆ ಹಲ್ಲು ಹಿಂದಿರುಗದಂತೆ ಎಷ್ಟು ಕಾಲ ರಕ್ಷಣೆಯ ತಟ್ಟೆ ಹಾಕಬೇಕು. ಕೇಳಿದರೆ ವೈದ್ಯರು ಬೇಸರಿಸಲಾರರು. ಒಂದೇ ಊರಿನ ಎರಡು ಮೂರು ಮಕ್ಕಳು ಒಂದೇ ದಿನ ಸಮಯ ಪಡೆದು, ಸರದಿಯ ಮೇಲೆ ಒಬ್ಬರು ಹಿರಿಯರು ಕರೆದೊಯ್ದರೆ ಎಲ್ಲರ ಕೂಲಿಯೂ ಉಳಿಯುತ್ತದೆ. ಊರಿನ ಅಕ್ಕನ ಬಳಗಗಳು, ಯುವಕ ಸಂಘಗಳು ಇಷ್ಟು ವ್ಯವಸ್ಥೆಯನ್ನು ಸುಲಭವಾಗಿ ಮಾಡಬಲ್ಲವು.

ಮುಂಚಾಚಿದ ಹಲ್ಲಿರುವ ಮಕ್ಕಳ ಮನೆಯವರು ಒಂದು ತುರ್ತುಕ್ರಮವನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಆ ಹಲ್ಲುಗಳೇ. ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಬಿಳಿಯ ತುದಿಯನ್ನು ಹಿಡಿದೆತ್ತಿರಿ. ಮಣ್ಣಾಗಿದ್ದರೆ ಒಮ್ಮೆ ನೀರಿನಲ್ಲಿ ಆಡಿಸಿರಿ, ಉಜ್ಜಬೇಡಿರಿ. ಸಾಧ್ಯವಾದರೆ ಕೂಡಲೇ ಅದರ ಗುಣಿಯಲ್ಲಿಯೇ ಕೂಡಿಸಿರಿ. ಇಲ್ಲವಾದರೆ ಒಂದು ಲೋಟ ಹಾಲಿನಲ್ಲಿಟ್ಟು ಗಂಟೆಯೊಳಗೆ ದಂತವೈದ್ಯರನ್ನು ತಲಪಿರಿ. ಹಾಲುಹಲ್ಲಾದರೆ ಮತ್ತೆ ಕೂಡಿಸಬಾರದು.

ವಯಸ್ಸು ದಾಟಿದವರು ಇದನ್ನೋದಿ ನಿರಾಶರಾಗಬೇಕಿಲ್ಲ. ಹಲ್ಲಿನ ಸುತ್ತಲಿನ ಎಲುಬು ಆರೋಗ್ಯವಾಗಿದ್ದರೆ ಮೂವತ್ತರಲ್ಲಿಯೂ ನಲವತ್ತರಲ್ಲಿಯೂ ತಂತಿಯ ಚಿಕಿತ್ಸೆ ಸಾಧ್ಯ. ದವಡೆಯ ಅಂತರ ಹೆಚ್ಚಾಗಿದ್ದರೆ ಕೆಲವರಿಗೆ ಒಂದೆರಡು ಹಲ್ಲು ತೆಗೆದು ಜಾಗ ಮಾಡಬೇಕಾಗುತ್ತದೆ, ಕೆಲವರಿಗೆ ದವಡೆಯ ಶಸ್ತ್ರಕ್ರಿಯೆ ಬೇಕಾಗುತ್ತದೆ. ದಾರಿಯಿದೆ, ಅದು ಏರು ದಾರಿ, ಅಷ್ಟೇ. ಏನನ್ನೂ ಮಾಡಿಸದೆ ಇರುವುದೂ ಒಬ್ಬರ ಇಚ್ಛೆಯೇ. ಹಲ್ಲಿನ ಸಾಲನ್ನು ನೋಡಿ ಹೆಣ್ಣಿನ ಬೆಲೆ ಕಟ್ಟುವ ಬೀಗತನ ನಮ್ಮ ಮನೆಗಳಿಗೆ ಶೋಭೆಯಲ್ಲ ಎಂಬುದನ್ನು ಗಂಡಿನ ಕಡೆಯವರೂ ಮನಗಾಣಬೇಕು. ಚಿಕಿತ್ಸೆ ಮಗುವಿನ ಸೌಖ್ಯಕ್ಕಾಗಿ. ಅಗಿಯುವುದಕ್ಕೆ, ಮಾತಾಡುವುದಕ್ಕೆ, ಅಂಜದೆ ನಗುವುದಕ್ಕೆ.

ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಇಂದೇ ಸಂಜೆ ಮನೆಯ ಏಳರಿಂದ ಹದಿಮೂರರೊಳಗಿನ ಮಕ್ಕಳನ್ನು ದೀಪದ ಬೆಳಕಿಗೆ ಕರೆದು ಒಮ್ಮೆ ಬಾಯಿ ನೋಡಲಿ. ಹೆಣ್ಣುಮಕ್ಕಳನ್ನು ಮೊದಲು ಕರೆಯಲಿ. ಬಾಗಿಲ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆಯಲಿ. ಎಲ್ಲ ಸರಿಯಿದ್ದರೆ ಸಂತೋಷ. ಸಂಶಯವಿದ್ದರೆ ಮುಂದಿನ ರಜೆಗೆ ಮುಂಚೆ ವೈದ್ಯರಿಗೆ ತೋರಿಸಲಿ.